ಚಿನ್ನದ ಬಣ್ಣದ ಬಾಂಡ್ ಕಾರು, ಹಾರಿಹೋದ ಪುಟ್ಟ ಮನುಷ್ಯ

ಈ ಸಲದ ವಿಡಿಯೋ ನೋಡಿದವರಿಗೆ ಗೊತ್ತಿರುತ್ತೆ, ಶುರುವಿನಿಂದ ಕೊನೆವರೆಗೂ ನನ್ನ ಕೈಯಲ್ಲಿ ಒಂದು ಆಟದ ಕಾರು ಇತ್ತು. ಓದುವವರಿಗೆ ಅದು ಕಾಣಲ್ಲ, ಹಾಗಾಗಿ ಮಾತಲ್ಲೇ ಹೇಳ್ತೀನಿ. ಉದ್ದ ಸುಮಾರು ಹತ್ತು ಸೆಂಟಿಮೀಟರ್. ಗಾತ್ರಕ್ಕೆ ಹೋಲಿಸಿದರೆ ಭಾರ ಜಾಸ್ತಿ. ಮೈ ಬಣ್ಣ ಚಿನ್ನದ್ದು, ಆದರೆ ಅಂಚುಗಳಲ್ಲೆಲ್ಲಾ ಬಣ್ಣ ಹೋಗಿ ಒಳಗಿನ ಬೂದು ಲೋಹ ಕಾಣ್ತಿದೆ. ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ. ಒತ್ತಿದರೆ ಟಪ್ ಅಂತ ಚಾವಣಿ ತೆರೆದುಕೊಳ್ಳುತ್ತೆ, ಎಡಗಡೆ ಸೀಟು ಮೇಲಕ್ಕೆ ಚಿಮ್ಮುತ್ತೆ. ಅಷ್ಟೇ. ಸೀಟಿನಲ್ಲಿ ಯಾರೂ ಇಲ್ಲ.

ಪುಣೆಯ ಜೂನಾ ಬಜಾರ್‌ನಲ್ಲಿ, ಒಂದು ಭಾನುವಾರ, ಹಳೇ ನಲ್ಲಿ, ಬೀಗ, ಕ್ಯಾಮೆರಾ ಲೆನ್ಸುಗಳ ರಾಶಿ ನಡುವೆ ಸಿಕ್ಕಿದ್ದು ಇದು. ಮಾರೋನಿಗೆ ಅದೊಂದು ಮುರಿದ ಆಟಿಕೆ. ನನಗೆ ತಳದಲ್ಲಿ ಕಾರ್ಗಿ ಅನ್ನೋ ಹೆಸರು, ಜೇಮ್ಸ್ ಬಾಂಡ್ ಅನ್ನೋ ಹೆಸರು ಕಂಡ ಕೂಡಲೇ ಕೈ ಸ್ವಲ್ಪ ನಡುಗಿತು. ಚೌಕಾಸಿ ಮಾಡುವಾಗ ಮುಖದಲ್ಲಿ ಆಸೆ ತೋರಿಸಬಾರದು ಅಂತ ಅಮ್ಮ ಕಲಿಸಿದ್ದು ಆವತ್ತು ಕೆಲಸಕ್ಕೆ ಬಂತು.

ಇದು 1965ರ ಕಾರ್ಗಿ ನಂಬರ್ 261. ಸಿನಿಮಾ ಕಾರುಗಳ ಮಿನಿಯೇಚರ್ ಸಂಗ್ರಹ ಅಂತ ಇವತ್ತು ಏನೇನು ನಡೀತಿದೆಯೋ, ಅದರ ದೊಡ್ಡ ಪಾಲು ಶುರುವಾಗಿದ್ದು ಇಲ್ಲಿಂದ. ಇವತ್ತು ಹೇಳೋದು ಇದರ ಕಥೆ.

ಮೊದಲು ಸಿನಿಮಾ. ಇಯಾನ್ ಫ್ಲೆಮಿಂಗ್ 1959ರಲ್ಲಿ ಬರೆದ ‘ಗೋಲ್ಡ್‌ಫಿಂಗರ್’ ಕಾದಂಬರಿಯಲ್ಲೂ ಬಾಂಡ್ ಆ್ಯಸ್ಟನ್ ಮಾರ್ಟಿನ್ ಕಾರನ್ನೇ ಓಡಿಸ್ತಾನೆ, ಆದರೆ ಅದು ಹಳೇ ಮಾಡೆಲ್ಲು. 1964ರಲ್ಲಿ ಸಿನಿಮಾ ಬಂದಾಗ ಹೊಸ ಡಿಬಿ5 ಬಂತು. ಅದಕ್ಕೆ ಮಷಿನ್ ಗನ್ನು, ಹಿಂದಿನಿಂದ ಏಳೋ ಗುಂಡು ನಿರೋಧಕ ತಗಡು, ಟೈರ್ ಹರಿಯೋ ಚೂರಿ, ತಿರುಗೋ ನಂಬರ್ ಪ್ಲೇಟು, ಮತ್ತೆ ಗೇರ್ ಹಿಡಿಯ ಮೇಲಿನ ಮುಚ್ಚಳ ಎತ್ತಿದರೆ ಒಂದು ಕೆಂಪು ಗುಂಡಿ. ಒತ್ತಿದರೆ ಪಕ್ಕದಲ್ಲಿ ಕೂತವನು ಚಾವಣಿಯಿಂದ ಹೊರಗೆ. ನಂಬರ್ ಪ್ಲೇಟಿನ ಐಡಿಯಾ ತನ್ನದು, ಪಾರ್ಕಿಂಗ್ ದಂಡ ಕಟ್ಟಿ ಕಟ್ಟಿ ಬೇಜಾರಾಗಿ ಹೊಳೆದಿದ್ದು ಅಂತ ನಿರ್ದೇಶಕ ಗೈ ಹ್ಯಾಮಿಲ್ಟನ್ ಹೇಳಿಕೊಂಡಿದ್ದ. ಹಿಂಜೇವಾಡಿ ರಸ್ತೆಯಲ್ಲಿ ದಿನಾ ಓಡಾಡೋ ನನಗೆ ಆ ಚೂರಿಯ ಐಡಿಯಾ ಹೆಚ್ಚು ಅರ್ಥ ಆಗುತ್ತೆ.

ಈ ಸಾಧನಗಳನ್ನೆಲ್ಲಾ ನಿಜವಾದ ಕಾರಿನಲ್ಲಿ ಕೂರಿಸಿದ್ದು ಸ್ಪೆಷಲ್ ಎಫೆಕ್ಟ್ಸ್‌ನ ಜಾನ್ ಸ್ಟಿಯರ್ಸ್. ಚಿತ್ರದ ಒಟ್ಟು ವಿನ್ಯಾಸ ಕೆನ್ ಆಡಮ್ ಅನ್ನೋರದ್ದು. ಈ ಹೆಸರನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಹುಟ್ಟಿದ್ದು 1921ರಲ್ಲಿ, ಬರ್ಲಿನ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಆಗಿನ ಹೆಸರು ಕ್ಲಾಸ್ ಆಡಮ್. ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರಲ್ಲಿ, ಮನೆಮಂದಿ ಎಲ್ಲಾ ಬಿಟ್ಟು ಇಂಗ್ಲೆಂಡಿಗೆ ಬಂದರು. ಯುದ್ಧದಲ್ಲಿ ಈತ ಬ್ರಿಟಿಷ್ ವಾಯುಪಡೆಯಲ್ಲಿ ಟೈಫೂನ್ ವಿಮಾನ ಹಾರಿಸಿದ. ಜರ್ಮನಿಯಲ್ಲಿ ಹುಟ್ಟಿ ಜರ್ಮನಿ ವಿರುದ್ಧವೇ ಫೈಟರ್ ಹಾರಿಸಿದವರು ಬೆರಳೆಣಿಕೆಯಷ್ಟು ಜನ.

ಈಗ ಕಾರನ್ನ ಬಿಟ್ಟು ಆಟಿಕೆ ಕಡೆ ಬರೋಣ. ನಮ್ಮಲ್ಲಿ ಚನ್ನಪಟ್ಟಣ ಹೇಗೋ ಜರ್ಮನಿಯಲ್ಲಿ ನ್ಯೂರೆಂಬರ್ಗ್ ಹಾಗೆ, ತಲೆಮಾರುಗಳಿಂದ ಆಟಿಕೆಯ ಊರು. ಅಲ್ಲಿ ತಗಡಿನ ಆಟಿಕೆ ಮಾಡೋ ಟಿಪ್ ಅಂಡ್ ಕೋ ಅನ್ನೋ ದೊಡ್ಡ ಕಂಪನಿ ಇತ್ತು. ಮಾಲೀಕ ಫಿಲಿಪ್ ಉಲ್ಮನ್, ಯಹೂದಿ. 1933ರಲ್ಲಿ ಆತ ಎಲ್ಲಾ ಬಿಟ್ಟು ಇಂಗ್ಲೆಂಡಿನ ನಾರ್ಥಾಂಪ್ಟನ್‌ಗೆ ಬಂದು ಸೊನ್ನೆಯಿಂದ ಶುರು ಮಾಡಿದ. ಅದೇ ಕಂಪನಿಯಲ್ಲಿದ್ದ ಆರ್ಥರ್ ಕಾಟ್ಜ್ ಜೊತೆ ಸೇರಿದ. ಮೆಟಲ್ ಟಾಯ್ ಅನ್ನೋದನ್ನ ಚಿಕ್ಕದು ಮಾಡಿ ಮೆಟ್ಟಾಯ್ ಅಂತ ಹೆಸರಿಟ್ಟರು. ಇತ್ತ ಇವರು ಹೊಸ ಊರಲ್ಲಿ ಬಾಡಿಗೆ ಜಾಗ ಹುಡುಕುವಾಗ, ಅತ್ತ ನ್ಯೂರೆಂಬರ್ಗಿನಲ್ಲಿ ಇವರದ್ದೇ ಹಳೇ ಕಾರ್ಖಾನೆ ನಾತ್ಸಿ ಸೈನಿಕರ ಲಾರಿ, ಹಿಟ್ಲರನ ಕಾರುಗಳ ತಗಡಿನ ಆಟಿಕೆ ಮಾಡ್ತಾ ಇತ್ತು.

ಯುದ್ಧ ಮುಗಿದ ಮೇಲೆ ಮೆಟ್ಟಾಯ್ ವೇಲ್ಸ್‌ನ ಸ್ವಾನ್ಸಿ ಊರಿನ ಅಂಚಿನಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. 1956ರಲ್ಲಿ ಅಲ್ಲಿಂದ ಹೊರಟ ಸಾಲಿಗೆ ವೇಲ್ಸ್‌ನ ಗಿಡ್ಡಕಾಲಿನ ನಾಯಿಯ ಹೆಸರು: ಕಾರ್ಗಿ. ಆಗ ಮಾರುಕಟ್ಟೆ ಪೂರ್ತಿ ಲಿವರ್‌ಪೂಲ್‌ನ ಡಿಂಕಿ ಕಂಪನಿ ಹಿಡಿತದಲ್ಲಿ. ಅವರ ಕಾರುಗಳ ಕಿಟಕಿಗೆ ಗಾಜು ಇರಲಿಲ್ಲ, ಬರೀ ತೂತು. ಕಾರ್ಗಿಯವರು ಪಾರದರ್ಶಕ ಪ್ಲಾಸ್ಟಿಕ್ ಹಾಕಿ, ಕಿಟಕಿ ಇರೋ ಕಾರು ನಮ್ಮದು ಅಂತ ಜಾಹೀರಾತು ಮಾಡಿದರು. ಆಮೇಲೆ ಬಾನೆಟ್ಟು ತೆರೆಯೋದು, ಚಕ್ರಕ್ಕೆ ಸ್ಪ್ರಿಂಗು, ಹೀಗೆ ಒಂದೊಂದೇ ಸೇರಿಸುತ್ತಾ ಬಂದರು.

ಕೆನ್ ಆಡಮ್ ಮತ್ತು ಉಲ್ಮನ್ ಪರಿಚಯಸ್ಥರು ಅಂತ ನಾನು ಹೇಳ್ತಿಲ್ಲ. ಆದರೆ ಸೀಟಿನಿಂದ ಮನುಷ್ಯನನ್ನ ಎತ್ತಿ ಎಸೆಯೋ ಈ ಕಾರು ಬಂದ ಸಿನಿಮಾದ ವಿನ್ಯಾಸಕ, ಅದನ್ನ ಆಟಿಕೆ ಮಾಡಿದ ಕಂಪನಿ ಕಟ್ಟಿದವನು, ಇಬ್ಬರೂ ತಮ್ಮ ಊರಿಂದ ಎತ್ತಿ ಎಸೆಯಲ್ಪಟ್ಟವರೇ. ನಾವು ಪುಣೆಗೋ ಹೈದರಾಬಾದಿಗೋ ಬಂದಿದ್ದು ಸಂಬಳಕ್ಕೆ, ಹಬ್ಬಕ್ಕೆ ಟಿಕೆಟ್ ಸಿಕ್ಕಿದ್ರೆ ಊರಿಗೆ ಹೋಗ್ತೀವಿ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಆ ಗುಂಡಿ ಒತ್ತುವಾಗ ನನಗೆ ಇದು ನೆನಪಾಗದೇ ಇರಲ್ಲ.

ಸರಿ, 1965. ಸಿನಿಮಾ ಬಂದು ಆಗಲೇ ತಿಂಗಳುಗಳಾಗಿವೆ. ಡಿಸೆಂಬರ್‌ನಲ್ಲಿ ಮುಂದಿನ ಸಿನಿಮಾ ‘ಥಂಡರ್‌ಬಾಲ್’, ಅದರಲ್ಲೂ ಇದೇ ಕಾರು. ಕ್ರಿಸ್ಮಸ್ ಒಳಗೆ ಆಟಿಕೆ ಅಂಗಡಿಯಲ್ಲಿರಬೇಕು. ಡೆಡ್‌ಲೈನ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಡೈಕಾಸ್ಟ್ ಕೆಲಸ ಹೇಗೆ ಅಂತ ಸ್ವಲ್ಪ ತಿಳಿದರೆ ಒಳ್ಳೇದು. ಸತುವಿಗೆ ಸುಮಾರು ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ ಸೇರಿಸಿದ ಮಿಶ್ರಲೋಹ. ಅದು ನಾನೂರು ಡಿಗ್ರಿ ಸುತ್ತಮುತ್ತ ಕರಗುತ್ತೆ. ಕರಗಿದ್ದನ್ನ ಒತ್ತಡ ಹಾಕಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸ್ತಾರೆ, ಕ್ಷಣದಲ್ಲಿ ಗಟ್ಟಿಯಾಗಿ ಕಾರಿನ ಮೈ ಹೊರಗೆ ಬರುತ್ತೆ. ಲೋಹ ಅಗ್ಗ, ಸಮಯ ಕಡಿಮೆ. ದುಬಾರಿ ಯಾವುದು ಅಂದ್ರೆ ಆ ಉಕ್ಕಿನ ಅಚ್ಚು. ಅದನ್ನ ಕೊರೆಯೋಕೆ ತಿಂಗಳುಗಟ್ಟಲೆ ಬೇಕು, ಸಾವಿರಾರು ಪೌಂಡ್ ಬೇಕು. (ಲೋಹದಲ್ಲಿ ಸೀಸ ಸ್ವಲ್ಪ ಬೆರೆತರೂ ದಶಕಗಳ ನಂತರ ಕಾರು ತಾನಾಗೇ ಬಿರುಕು ಬಿಟ್ಟು ಪುಡಿಯಾಗುತ್ತೆ. ಯುದ್ಧಕ್ಕೆ ಮುಂಚಿನ ಎಷ್ಟೋ ಆಟಿಕೆಗಳು ಹೀಗೇ ಹೋದವು. ಸಂಗ್ರಹಕಾರರಿಗೆ ಇದು ಗೆದ್ದಲಿಗಿಂತ ದೊಡ್ಡ ಭಯ.)

ಹೊಸ ಅಚ್ಚಿಗೆ ಟೈಮಿಲ್ಲ. ಆದರೆ ಕಾರ್ಗಿ ಹತ್ತಿರ 1960ರಿಂದ ಮಾರುತ್ತಿದ್ದ ಆ್ಯಸ್ಟನ್ ಮಾರ್ಟಿನ್ ಡಿಬಿ4 ಕಾರಿನ ಅಚ್ಚಿತ್ತು, ನಂಬರ್ 218. ಮುಖ್ಯ ವಿನ್ಯಾಸಕ ಮಾರ್ಸೆಲ್ ವಾನ್ ಕ್ಲೀಂಪುಟ್ ತಂಡ ಅದನ್ನೇ ತಿದ್ದಿ ಡಿಬಿ5 ಮಾಡಿತು. ನಮ್ಮ ಭಾಷೇಲಿ ಹೇಳೋದಾದ್ರೆ, ಹಳೇ ಕೋಡ್‌ಬೇಸ್ ಮೇಲೇ ಹೊಸ ರಿಲೀಸ್. ಅಂದ್ರೆ ಜಗತ್ತಿನ ಅತಿ ಪ್ರಸಿದ್ಧ ಡಿಬಿ5 ಆಟಿಕೆ ಸರಿಯಾಗಿ ನೋಡಿದರೆ ಡಿಬಿ5 ಅಲ್ಲವೇ ಅಲ್ಲ.

ಬಣ್ಣವೂ ತಪ್ಪು. ಸಿನಿಮಾದಲ್ಲಿ ಕಾರು ಬೆಳ್ಳಿ ಬಣ್ಣದ್ದು. ಆಟಿಕೆಗೆ ಬೆಳ್ಳಿ ಬಣ್ಣ ಹಚ್ಚಿದರೆ ಬಣ್ಣವೇ ಹಚ್ಚದ ಬರೀ ಲೋಹದ ಹಾಗೆ ಕಾಣುತ್ತೆ ಅನ್ನೋ ಕಾರಣಕ್ಕೆ ಚಿನ್ನದ ಬಣ್ಣ ಹಾಕಿದರು ಅಂತ ಹೇಳ್ತಾರೆ. ಸಿನಿಮಾದ ಹೆಸರಲ್ಲೇ ಚಿನ್ನ ಇತ್ತು, ಯಾರೂ ತಕರಾರು ಮಾಡಲಿಲ್ಲ.

ಮೈ ಹಳೇದು, ಬಣ್ಣ ತಪ್ಪು. ಹಾಗಾದ್ರೆ ಇದರಲ್ಲಿ ಏನಿತ್ತು? ಒಳಗಿನ ಕೆಲಸ. ಅಂಗೈಯಲ್ಲಿ ಕೂರೋ ಈ ಜಾಗದಲ್ಲಿ ಮೂರು ಬೇರೆ ಬೇರೆ ಯಂತ್ರಗಳಿವೆ. ಹಿಂದಿನ ಹೊಗೆ ಕೊಳವೆ ಒತ್ತಿದರೆ ಗುಂಡು ನಿರೋಧಕ ತಗಡು ಮೇಲೇಳುತ್ತೆ. ಪಕ್ಕದ ಒಂದು ಗುಂಡಿ ಒತ್ತಿದರೆ ಮುಂದುಗಡೆ ಮಷಿನ್ ಗನ್ನುಗಳು, ಗುದ್ದೋ ಕೊಂಬುಗಳು ಒಟ್ಟಿಗೇ ಹೊರಬರ್ತವೆ. ಇನ್ನೊಂದು ಗುಂಡಿಗೆ ಚಾವಣಿ ತೆರೆದು ಸೀಟು ಚಿಮ್ಮುತ್ತೆ. ಬ್ಯಾಟರಿ ಇಲ್ಲ, ಮೋಟಾರಿಲ್ಲ. ಸ್ಪ್ರಿಂಗು, ಕೊಕ್ಕೆ, ಸನ್ನೆ, ಅಷ್ಟೇ. ಮುಖ್ಯವಾಗಿ ಎಲ್ಲವೂ ಒಬ್ಬ ಆರು ವರ್ಷದ ಹುಡುಗ ನೂರು ಸಲ ಒತ್ತಿದರೂ ನಿಲ್ಲೋ ಹಾಗೆ ಮಾಡಿದ್ದು. ನನ್ನ ಕಾರು ಸುಮಾರು ಅರವತ್ತು ವರ್ಷದ್ದು, ಬಜಾರಿನ ಧೂಳಿನಲ್ಲಿ ಬಿದ್ದಿದ್ದು. ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ, ಮೂರೂ ಕೆಲಸ ಮಾಡಿದವು. ನಾನು ಬರೆದ ಯಾವ ಕೋಡೂ ಆರು ವರ್ಷ ಬದುಕಿಲ್ಲ.

ಡಬ್ಬಿಯೊಳಗೆ ಇನ್ನೊಂದು ತಮಾಷೆ ಇತ್ತು. ಗುಪ್ತ ಸೂಚನೆಗಳ ಲಕೋಟೆ. ಅದರಲ್ಲಿ ಕಾರನ್ನ ನಡೆಸೋ ವಿಧಾನದ ಚೀಟಿ, ಅಂಗಿಗೆ ಅಂಟಿಸಿಕೊಳ್ಳೋ 007 ಬ್ಯಾಡ್ಜು, ಜೊತೆಗೆ ಒಬ್ಬ ಹೆಚ್ಚುವರಿ ಖಳ. ಈ ಕೊನೆಯದನ್ನ ನೋಡಿ. ಸೀಟಿನಲ್ಲಿರೋ ಮನುಷ್ಯ ಹಾರಿ ಕಳೆದುಹೋಗ್ತಾನೆ ಅಂತ ಕಂಪನಿಗೆ ಗೊತ್ತಿತ್ತು. ಕಳೆಯಲಿ ಅಂತಲೇ ಮಾಡಿದ್ದು. ಅದಕ್ಕೇ ಸ್ಪೇರ್ ಕೊಟ್ಟಿದ್ದು.

ಅಕ್ಟೋಬರ್‌ನಲ್ಲಿ ಅಂಗಡಿಗೆ ಬಂತು. ಬೆಲೆ 9 ಶಿಲ್ಲಿಂಗ್ 11 ಪೆನ್ನಿ, ಅಂದ್ರೆ ಹತ್ತು ಶಿಲ್ಲಿಂಗಿಗೆ ಒಂದೇ ಪೆನ್ನಿ ಕಡಿಮೆ, ನಮ್ಮ ಬಾಟಾ ಬೆಲೆ ಹಾಗೆ. ಕ್ರಿಸ್ಮಸ್ ಹೊತ್ತಿಗೆ ಅಂಗಡಿಗಳಲ್ಲಿ ಸ್ಟಾಕ್ ಇಲ್ಲ. ಬ್ರಿಟನ್ನಿನ ಆಟಿಕೆ ವ್ಯಾಪಾರಿಗಳು ಅದನ್ನ ವರ್ಷದ ಆಟಿಕೆ ಅಂತ ಆರಿಸಿದರು. ಕೆಲವೇ ವರ್ಷದಲ್ಲಿ 25 ಲಕ್ಷಕ್ಕೂ ಹೆಚ್ಚು ಹೋದವು. 1968ರಲ್ಲಿ ಇದರ ಬದಲು ನಂಬರ್ 270 ಬಂತು: ಸ್ವಲ್ಪ ದೊಡ್ಡದು, ಸರಿಯಾದ ಬೆಳ್ಳಿ ಬಣ್ಣ, ತಿರುಗೋ ನಂಬರ್ ಪ್ಲೇಟು, ಟೈರ್ ಹರಿಯೋ ಚೂರಿ ಕೂಡ. ಎಲ್ಲ ರೀತಿಯಲ್ಲೂ ಹೆಚ್ಚು ಸರಿ. ಆದರೆ ಜನ ಪ್ರೀತಿಸೋದು ತಪ್ಪಿರೋ ಚಿನ್ನದ್ದನ್ನೇ, ನಾನೂ ಅಷ್ಟೇ.

ಆಮೇಲೆ ಬಾಗಿಲು ತೆರೆದ ಹಾಗಾಯ್ತು. 1966ರಲ್ಲಿ ‘ಮ್ಯಾನ್ ಫ್ರಂ ಅಂಕಲ್’ ಪತ್ತೇದಾರಿ ಸರಣಿಯ ಓಲ್ಡ್ಸ್‌ಮೊಬೈಲ್, ಬ್ಯಾಟ್‌ಮೊಬೈಲ್. 1967ರಲ್ಲಿ ಡಿಕ್ಕಿಯಿಂದ ರಾಕೆಟ್ ಬಿಡೋ ಟೊಯೋಟಾ 2000 ಜಿಟಿ. 1977ರಲ್ಲಿ ನೀರೊಳಗೆ ಹೋಗೋ ಬಿಳಿ ಲೋಟಸ್ ಎಸ್ಪ್ರಿ. ಸಿನಿಮಾ ಕಂಪನಿಗೆ ಹಣ ಕೊಟ್ಟು ಹಕ್ಕು ತಗೊಂಡು ಆಟಿಕೆ ಮಾಡೋದು ಇವತ್ತು ಮಾಮೂಲು. ಅದು ಎಷ್ಟು ದೊಡ್ಡ ವ್ಯಾಪಾರ ಆಗಬಹುದು ಅಂತ ಆಟಿಕೆ ಲೋಕಕ್ಕೆ ತೋರಿಸಿದ್ದು ಸ್ವಾನ್ಸಿಯ ಈ ಕಾರು.

ಆ ಕಾಲಕ್ಕೆ ನಮ್ಮಲ್ಲಿ ಏನಾಗ್ತಿತ್ತು? 1968ರಲ್ಲಿ ದೊರೆ-ಭಗವಾನ್ ‘ಜೇಡರ ಬಲೆ’ ತೆಗೆದರು. ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಕನ್ನಡದ ಬಾಂಡ್ ಬಂದ, ಆದರೆ ಅವನ ಕಾರಿನ ಆಟಿಕೆ ನಾನಂತೂ ಎಲ್ಲೂ ಕಂಡಿಲ್ಲ. ಆಮದಿಗೆ ನಿರ್ಬಂಧ ಇದ್ದ ಕಾಲ ಅದು. ವಿದೇಶಿ ಆಟಿಕೆ ಅಂದ್ರೆ ಹಡಗಿನಲ್ಲಿ ಕೆಲಸ ಮಾಡೋ ಚಿಕ್ಕಪ್ಪನೋ ಲಂಡನ್ನಿನ ಮಾವನೋ ತರಬೇಕು. ಕಲ್ಕತ್ತಾದಲ್ಲಿ ನಿಕಿ ಟಾಯ್ಸ್ ಅಂತ ಒಂದು ಬಂದಿತ್ತು. ಡಿಂಕಿಯವರು ಬಳಸಿ ಬಿಟ್ಟ ಅಚ್ಚುಗಳನ್ನ ತಂದು ಇಲ್ಲಿ ಎರಕ ಹೊಯ್ಯುತ್ತಿದ್ದರು. ಡಿಂಕಿ ಹೋಗಿ ನಿಕಿ. ಸವೆದ ಅಚ್ಚು, ಹಾಗಾಗಿ ಬಾಗಿಲು ಸರಿಯಾಗಿ ಕೂರಲ್ಲ, ಬಣ್ಣ ದಪ್ಪ. ಈಗ ಅವನ್ನೂ ಇಂಗ್ಲೆಂಡಿನ ಸಂಗ್ರಹಕಾರರು ಹುಡುಕಿ ಕೊಳ್ತಾರೆ. ನನ್ನ 261 ಪುಣೆಗೆ ಹೇಗೆ ಬಂತೋ, ಯಾವ ಮಗುವಿಗೆ ಯಾರು ತಂದುಕೊಟ್ಟರೋ, ಮಾರೋನನ್ನ ಕೇಳಿದೆ. ಕ್ಯಾಂಪ್ ಕಡೆಯ ಒಂದು ಮನೆ ಖಾಲಿ ಮಾಡಿದಾಗ ಗೋಣಿಚೀಲದಲ್ಲಿ ಬಂತು ಅಂದ. ಅಷ್ಟೇ ಗೊತ್ತು.

ಇನ್ನು ಕಂಪನಿಯ ಕೊನೆ. 1968ರಲ್ಲಿ ಅಮೆರಿಕದಿಂದ ಹಾಟ್ ವೀಲ್ಸ್ ಬಂತು. ತೆಳು ಕಡ್ಡಿಯ ಅಚ್ಚುಗಳಲ್ಲಿ ಚಕ್ರ ಸುಯ್ಯನೆ ಓಡೋದು. ಮಕ್ಕಳಿಗೆ ವೇಗ ಬೇಕಾಯ್ತು. 1969ರ ಮಾರ್ಚ್‌ನಲ್ಲಿ ಸ್ವಾನ್ಸಿಯ ಗೋದಾಮಿಗೆ ಬೆಂಕಿ ಬಿದ್ದು ಸರಕು ಸುಟ್ಟುಹೋಯ್ತು. ಹೇಗೋ ಎದ್ದು ನಿಂತರು. ಎಪ್ಪತ್ತರ ದಶಕದ ಕೊನೆಗೆ ಮಕ್ಕಳ ಕಣ್ಣು ಟಿವಿಗೆ ಜೋಡಿಸೋ ಆಟಗಳ ಕಡೆ ತಿರುಗಿತ್ತು. ಆಗ ಮೆಟ್ಟಾಯ್ ಏನು ಮಾಡಿತು ಗೊತ್ತಾ? ಕಂಪ್ಯೂಟರ್ ಮಾಡೋಕೆ ಹೊರಟಿತು. ತಮಾಷೆ ಅಲ್ಲ. ಡ್ರ್ಯಾಗನ್ ಡೇಟಾ ಅಂತ ಅಂಗಸಂಸ್ಥೆ, 1982ರ ಆಗಸ್ಟ್‌ನಲ್ಲಿ ಡ್ರ್ಯಾಗನ್ 32 ಅನ್ನೋ ಹೋಮ್ ಕಂಪ್ಯೂಟರ್. ಮೊಟೊರೊಲಾ 6809 ಪ್ರೊಸೆಸರ್, 32 ಕಿಲೋಬೈಟ್ ಮೆಮೊರಿ, ಮೈಕ್ರೋಸಾಫ್ಟ್‌ನ ಬೇಸಿಕ್. ಕೀಬೋರ್ಡ್ ಚೆನ್ನಾಗಿತ್ತಂತೆ. ಆದರೆ ಪರದೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ ಸರಿಯಾಗಿ ಬರ್ತಿರಲಿಲ್ಲ. ಶುರುವಿನಲ್ಲಿ ಚೆನ್ನಾಗೇ ಹೋಯ್ತು, ಪೋರ್ಟ್ ಟಾಲ್ಬಟ್ ಬಳಿ ದೊಡ್ಡ ಕಾರ್ಖಾನೆಗೂ ಬಂದರು. ಅಷ್ಟರಲ್ಲಿ ತಾಯಿ ಕಂಪನಿಯ ಕೈಯಲ್ಲಿ ದುಡ್ಡಿರಲಿಲ್ಲ, ಡ್ರ್ಯಾಗನ್‌ನ ಹೆಚ್ಚಿನ ಪಾಲನ್ನ ಬೇರೆಯವರಿಗೆ ಮಾರಬೇಕಾಯ್ತು.

ಡಿಂಕಿಯ ಲಿವರ್‌ಪೂಲ್ ಕಾರ್ಖಾನೆ 1979ರಲ್ಲಿ ಮುಚ್ಚಿತ್ತು. ಮ್ಯಾಚ್‌ಬಾಕ್ಸ್ ಮಾಡ್ತಿದ್ದ ಲೆಸ್ನಿ 1982ರಲ್ಲಿ ದಿವಾಳಿ. 1983ರ ಅಕ್ಟೋಬರ್‌ನಲ್ಲಿ ಮೆಟ್ಟಾಯ್. ಉದಯಪುರದಲ್ಲಿ ಆಟೋ ಚೇಸ್ ತೆಗೆದ ‘ಆಕ್ಟೋಪಸಿ’ ಬಂದ ವರ್ಷವೇ ಬಾಂಡ್ ಕಾರು ಮಾಡಿದ ಕಂಪನಿ ಬಾಗಿಲು ಹಾಕಿತು. ಮರುವರ್ಷ ಡ್ರ್ಯಾಗನ್ ಕೂಡ. ನಾಲ್ಕು ವರ್ಷದಲ್ಲಿ ಮೂರು ದೊಡ್ಡ ಹೆಸರು. ಸ್ವಾನ್ಸಿಯಲ್ಲಿ ಆ ಸಣ್ಣ ಸಣ್ಣ ಸ್ಪ್ರಿಂಗುಗಳನ್ನ ಕೂರಿಸುತ್ತಿದ್ದ ಕೈಗಳು, ಹೆಚ್ಚಿನವು ಹೆಂಗಸರವು, ಮನೆಗೆ ಹೋದವು. ಒಳಗಿನ ಮ್ಯಾನೇಜರುಗಳೇ ಸೇರಿ ಕಾರ್ಗಿಯನ್ನ 1984ರಲ್ಲಿ ಮತ್ತೆ ಎಬ್ಬಿಸಿದರು. 1989ರಲ್ಲಿ ಅದು ಮ್ಯಾಟಲ್ ಕೈಗೆ ಹೋಯ್ತು, ತಯಾರಿಕೆ ಚೀನಾಕ್ಕೆ ಹೋಯ್ತು. ಈಗ ಹೆಸರು ಹಾರ್ನ್‌ಬಿ ಕಂಪನಿಯದು. ನನ್ನ ಹಿಂದಿನ ಕೆಲಸದಲ್ಲಿ ಇಡೀ ಟೀಮನ್ನ ಒಂದು ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ಮನೆಗೆ ಕಳಿಸಿದ್ದರು. ಆ ವಾರವೇ ಈ ಇತಿಹಾಸ ಓದೋಕೆ ಶುರು ಮಾಡಿದ್ದು ನಾನು, ಬೇರೆ ಕೆಲಸ ಇರಲಿಲ್ಲವಲ್ಲ.

ದೊಡ್ಡ ಕಾರಿನ ಕಥೆಯನ್ನೂ ಒಂದು ಮಾತಲ್ಲಿ ಹೇಳಿಬಿಡ್ತೀನಿ. ಗೋಲ್ಡ್‌ಫಿಂಗರ್‌ನಲ್ಲಿ ಸಾಧನಗಳಿದ್ದ ನಿಜವಾದ ಡಿಬಿ5, 1997ರಲ್ಲಿ ಫ್ಲೋರಿಡಾದ ಒಂದು ವಿಮಾನ ನಿಲ್ದಾಣದ ಹ್ಯಾಂಗರ್‌ನಿಂದ ಕಳವಾಯ್ತು. 2020ರಲ್ಲಿ ಆ್ಯಸ್ಟನ್ ಮಾರ್ಟಿನ್ ಕಂಪನಿಯೇ ಅದೇ ಥರದ 25 ಕಾರು ಹೊಸದಾಗಿ ಕಟ್ಟಿ ಮಾರಿತು. ಒಂದಕ್ಕೆ ತೆರಿಗೆ ಬಿಟ್ಟು 27.5 ಲಕ್ಷ ಪೌಂಡ್. ಮಷಿನ್ ಗನ್ ಬರೀ ನಾಟಕದ್ದು, ಸೀಟು ಹಾರಲ್ಲ, ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಅಂದ್ರೆ ಅದು ದುಬಾರಿ ಆಟಿಕೆ. ಸೀಟು ಹಾರಿಸೋ ವಿಷಯದಲ್ಲಿ ನನ್ನ ಜೂನಾ ಬಜಾರ್ ಕಾರೇ ಮುಂದು.

ಸಂಗ್ರಹದ ವಿಷಯಕ್ಕೆ ಬರೋಣ, ನೀವು ಹೆಚ್ಚು ಕೇಳೋದು ಅದನ್ನೇ. ಹೊಸಬರು ಹಾಟ್ ವೀಲ್ಸ್‌ನಿಂದ ಶುರು ಮಾಡಿ, ಅದರಲ್ಲೂ ಡಿಬಿ5 ಇದೆ, ಲೋಟಸ್ ಇದೆ. ವಿದೇಶದಿಂದ ತರಿಸೋದು ಈಗ ಕಷ್ಟ. ಆಟಿಕೆ ಮೇಲಿನ ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರಿಂದ ಬಿಐಎಸ್ ಗುರುತೂ ಬೇಕು.

ಹಳೇ 261 ಹುಡುಕೋರಿಗೆ ಒಂದು ಮಾತು. ಅದರ ಬೆಲೆ ನಿಂತಿರೋದು ಡಬ್ಬಿ ಮೇಲೆ, ಲಕೋಟೆ ಮೇಲೆ, ಆ ಹೆಚ್ಚುವರಿ ಖಳನ ಮೇಲೆ. ಲಕೋಟೆ ತೆರೆಯದೇ ಇದ್ದರೆ ಇನ್ನೂ ಹೆಚ್ಚು. ಅಂದ್ರೆ ಯಾವ ಮಗುವೂ ಗುಂಡಿ ಒತ್ತದ ಕಾರಿಗೆ ಅತಿ ಹೆಚ್ಚು ಬೆಲೆ. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಒಂದು ಜಾತಕಪಕ್ಷಿಯ ಹಾಗೆ ಡಬ್ಬಿಯಲ್ಲಿ ಕೂತು ಕಾಯ್ದ ಕಾರಿಗಿಂತ, ಕ್ಯಾಂಪಿನ ಯಾವುದೋ ಹಜಾರದಲ್ಲಿ ಖಳನನ್ನ ಸಾವಿರ ಸಲ ಹಾರಿಸಿ ಬಣ್ಣ ಕಳಕೊಂಡ ಕಾರು ತನ್ನ ಕೆಲಸ ಮಾಡಿದೆ.

ಹೀಗೆಲ್ಲಾ ಮಾತಾಡಿದರೂ ನಾನೂ ಬಿದ್ದೆ. ಕಾರಿಗೆ ಡಬ್ಬಿ ಇರಲಿ ಅಂತ ಆನ್‌ಲೈನ್‌ನಲ್ಲಿ ಒಬ್ಬನ ಹತ್ತಿರ ‘ಒರಿಜಿನಲ್’ ಡಬ್ಬಿ ಕೊಂಡೆ. ಕೊಟ್ಟ ದುಡ್ಡು ಕಾರಿನ ಹತ್ತು ಪಟ್ಟು, ಹೆಂಡತಿಗೆ ಹೇಳಿದ್ದು ಅದರ ಅರ್ಧ. ಬಂದ ಮೇಲೆ ಭೂತಗನ್ನಡಿ ಹಿಡಿದರೆ ಇವತ್ತಿನ ಪ್ರಿಂಟರಿನ ಚುಕ್ಕಿ. ಒಳ ಮಡಿಕೆಯಲ್ಲಿ ಏನನ್ನೋ ಕೆರೆದು ಅಳಿಸಿದ ಗುರುತು. ನಕಲು ಡಬ್ಬಿ ಮಾಡೋದು ತಪ್ಪಲ್ಲ, ನಕಲು ಅಂತ ಬರೆದು ಮಾರೋ ಒಳ್ಳೇ ಜನ ಇದ್ದಾರೆ. ಆ ಬರಹ ಕೆರೆಯೋದು ಮೋಸ. ಆತ ಮತ್ತೆ ಫೋನ್ ಎತ್ತಲಿಲ್ಲ.

ನಕಲು ಖಳರೂ ಸಿಗ್ತಾರೆ, ಬಣ್ಣ ಹಚ್ಚಿದವರು, ಹಚ್ಚದವರು. ತರಿಸೋದಾ ಬೇಡವಾ ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದೆ. ಹಾಕಿದರೆ ಕಾರು ಪೂರ್ತಿಯಾಗುತ್ತೆ, ಆದರೆ ಸುಳ್ಳಾಗುತ್ತೆ. ಹಾಕದಿದ್ದರೆ ಗುಂಡಿ ಒತ್ತಿದಾಗ ಖಾಲಿ ಸೀಟು. ಈ ಧರ್ಮಸಂಕಟ ನನ್ನ ಏಳು ವರ್ಷದ ಮಗಳಿಗೆ ಅರ್ಥವೇ ಆಗಲಿಲ್ಲ. ಒಂದು ಶನಿವಾರ ನಾನು ಕಾಲ್‌ನಲ್ಲಿದ್ದಾಗ, ನಲ್ಲಿ ರಿಪೇರಿಗೆ ತಂದಿಟ್ಟ ಎಂ-ಸೀಲ್ ಉಳಿದಿತ್ತು, ಅದರಲ್ಲಿ ಅಜ್ಜಿ ಸಹಾಯದಿಂದ ಒಂದು ಮನುಷ್ಯನನ್ನ ಮಾಡಿದ್ದಾಳೆ. ಕೈ ಇಲ್ಲ, ಮೂಗು ದೊಡ್ಡದು, ಸ್ಕೆಚ್ ಪೆನ್ನಿನ ಮೀಸೆ. ಒಣಗಿದ ಮೇಲೆ ಸೀಟಿನಲ್ಲಿ ಕೂರಿಸಿ, "ಅಪ್ಪಾ ನೋಡು" ಅಂತ ಕರೆದು ಗುಂಡಿ ಒತ್ತಿದಳು.

ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದಿದ್ದಾನೆ ಅಂತ ಅವಳು, ಬಾಲ್ಕನಿಯಿಂದ ಆಚೆ ಹೋದ ಅಂತ ಅವರಜ್ಜಿ. ಎರಡೂ ಕಡೆ ಹುಡುಕಿ ಆಯ್ತು, ಸಿಕ್ಕಿಲ್ಲ. ಎಂ-ಸೀಲ್ ಇನ್ನೂ ಸ್ವಲ್ಪ ಇದೆ.